ಹತ್ತು ಪಾವಟಿಗಿಯ ನಿಚ್ಚಣಿಕಿ

ಚಟ್ಟಿ ಅಮಾಸಿ ಆದ ಮ್ಯಾಲ ವರ್ಷಾ ಒಬ್ಬ ಹುಡುಗಿ ಬರತಾಳ,
ಹೆಗಲಿಗೆ ಚೀಲ, ಕೈಯಾಗ ಒಂದು ಹಾಳಿ,
ಹಾಳ್ಯಾಗ ಗೀಚಿದ ನಿಚ್ಚಣಿಕಿ.
"ಕಾಕಾ, ಮ್ಯಾಲಿಂದು ಹತ್ತು, ಭಾಳ ಚೊಲೋ ಬಾಳೇವು.
ತಳಗಿಂದು ಸೊನ್ನಿ.
ಈಗ ನೀವು ಎಷ್ಟನೇ ಪಾವಟಿಗಿ ಮ್ಯಾಲ ಅದೀರಿ?"

ಮೊದಲನೇ ವರ್ಷ ನಗಿ ಬಂತು.
ಇಪ್ಪತ್ತೊಂದು ವರ್ಷ ನಿಚ್ಚಣಿಕಿ ಹೊತಗೊಂಡು
ತಾಳಿಕೋಟಿ ಓಣಿ ಓಣಿ ತಿರಗಿದ ಲೈನಮನ್ ನಾ,
ಹಡಗಿನಾಳ ರಸ್ತೆದ ಕಂಬದಿಂದ ಬಿದ್ದು
ಸೊಂಟದ ಕೆಳಗ ಫ್ಯೂಜ್ ಹೋದಾಂವ.
ಇಂಥಾಂವಗ ನಿಚ್ಚಣಿಕಿ ತೋರಸೂದಾ?
"ಒಂದು ಬರಕೋ" ಅಂದೆ.
ಸೊನ್ನಿ ಅನ್ನಾಕ ಬಾಯಿ ಬರಲಿಲ್ಲ,
ಒಳಗಿನ ಖೋಲ್ಯಾಗ ಮಗಳು ಮಗ್ಗಿ ಒಪ್ಪಸಾಕತ್ತಿದ್ಲು.

ಹೆಬ್ಬೆರಳ ಮ್ಯಾಲ ನೊಣ ಕೂತರ
ಅದು ಯಾರ ಬೆರಳು ಅಂತ ಅರ್ಧಾ ತಾಸು ನೋಡೂದು,
ಅದಾ ಆ ವರ್ಷದ ಉದ್ಯೋಗ.
ಮಾತಾಡಸಾಕ ಬಂದವರು ಚಹಾ ಕುಡದು
ಹೊಸ್ತಿಲಾ ದಾಟೂ ಮೊದಲ ಅನ್ನವರು,
"ಇದ್ದೂ ಇಲ್ಲಧಂಗ ಆತು ನೋಡ್ರಿ."
ಕಿವಿಗೇನೂ ಆಗಿರಲಿಲ್ಲ ನನಗ.

ಎರಡನೇ ವರ್ಷ ಮೂರು.
"ಯಾಕ್ರಿ?" ಅಂದಳು. ಹಾಳ್ಯಾಗ 'ಯಾಕ'ಕ್ಕ ಜಾಗಾ ಇರಲಿಲ್ಲ,
ಆದರೂ ಕೇಳಿದಳು.
ಚಕ್ರದ ಕುರ್ಚಿ ಬಂತು ಅನ್ನಬಹುದಿತ್ತು.
ಖರೇ ಅಂದರ, ಬಂದೇನವಾಜ ಸುಟ್ಟ ಮಿಕ್ಸರ ಮೋಟರ ತಂದು
"ಕೈಯರ ಅದಾವಲ್ಲೋ" ಅಂತ
ನನ್ನ ತೊಡಿ ಮ್ಯಾಲ ಒಗದು ಹೋಗಿದ್ದ.
ತೊಡಿಗೆ ಅದರ ಭಾರ ತಿಳೀಲಿಲ್ಲ.
ಎತ್ತಿದಾಗ ಕೈಗೆ ತಿಳೀತು.

ತಾಮ್ರದ ತಂತಿ ಸುತ್ತೂದರಾಗ ಒಂದು ಸುಖ ಐತಿ.
ಇನ್ನೂರ ನಲವತ್ತು ಸುತ್ತು, ಒಂದೂ ತಪ್ಪಬಾರದು,
ನೂರಾ ತೊಂಬತ್ತಕ್ಕ ಯಾರರ ಮಾತಾಡಸಿದರ
ಮೈಯೆಲ್ಲಾ ಸಿಟ್ಟು.
ಆ ಸಿಟ್ಟು ಮೊದಲ ಸಲ ಬಂದ ದಿನ
ಒಳಗೊಳಗ ಖುಷಿ ಆತು:
ಕೆಲಸ ಇದ್ದ ಮನಶ್ಯಾಗ ಬರೂ ಸಿಟ್ಟದು.

ನಾಲ್ಕನೇ ವರ್ಷ ಐದು. ಐದನೇ ವರ್ಷ ಮತ್ತ ಎರಡು.
ಕುಂಡಿ ಹುಣ್ಣು ಎಲುಬಿನ ತನಕಾ ಹೋಗಿ
ವಿಜಯಪುರದ ದವಾಖಾನ್ಯಾಗ ನಲವತ್ತು ದಿವಸ ಬೋರಲ ಮಲಗಿದ್ದೆ,
ಫರಶಿ ಮ್ಯಾಲಿನ ಇರವಿ ಎಣಸಕೋತ.
ಆರನೇ ವರ್ಷ ಹುಡುಗಿ ಬರಲಿಲ್ಲ. ಬಾಣಂತನ ಅಂತ.

ಈ ಸಲ ನಾ ಏಳು ಅಂದೆ.
ಆಕಿ ಕಣ್ಣು ಅರಳಿದವು. "ಬೀಳೂ ಮೊದಲ ಎಷ್ಟಿತ್ತರಿ ಕಾಕಾ?"
ಯಾರಿಗೊತ್ತು. ಆಗ ಯಾರೂ ಕೇಳಿರಲಿಲ್ಲ.
ಒಂಬತ್ತಿತ್ತು ಅಂತ ಈಗ ಅನಸತೈತಿ.
ಆದರ ಆಗ ಪಗಾರ ಸಾಲತಿರಲಿಲ್ಲ,
ಸೆಕ್ಷನ್ ಆಫೀಸರನ ಬೈಗಳಾ ಮನೀಗೆ ತಂದು
ನೀಲಗಂಗಾಗ ಹಂಚತಿದ್ದೆ.
"ಬರೀಬ್ಯಾಡ, ಬಿಡು" ಅಂದೆ.

ಆವಾಗ ಹುಡುಗಿ, ಯಾಕೋ ಏನೋ,
ಹಿಟ್ಟಿನ ಕೈಲೆ ಬಾಗಲದಾಗ ನಿಂತ ಆಕಿ ಕಡೆ ತಿರಗಿ,
"ಕಾಕೂ, ನಿಮ್ಮದು?" ಅಂದಳು.

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.
ನಾನೂ.

ನೀಲಗಂಗಾ ಹಾಳಿ ಇಸಕೊಂಡಳು,
ಬೆಳಕಿಗೆ ಹಿಡದು ನೋಡಿದಳು,
ಹಿಟ್ಟಿನ ಬಟ್ಟು ಒತ್ತಿ "ಇಲ್ಲಿ" ಅಂದಳು.
ಮೂರರ ಮ್ಯಾಲ ಬಿಳೇ ಗುರುತು.
ದನಿಯೊಳಗ ಸಿಟ್ಟಿರಲಿಲ್ಲ, ಅಳು ಇರಲಿಲ್ಲ.
ಹಂಚಿನ ಮ್ಯಾಲ ರೊಟ್ಟಿ ಇತ್ತು, ಹೋದಳು.

ರಾತ್ರಿ ಎರಡೆರಡು ತಾಸಿಗೆ ಎದ್ದು
ನನ್ನ ಮಗ್ಗಲಾ ಬದಲಿ ಮಾಡತಾಳ.
ಪಾಳಿ ಇಲ್ಲ, ಸೂಟಿ ಇಲ್ಲ,
ಅಲಾರಾಂ ಅಂತೂ ಬ್ಯಾಡಾ ಬ್ಯಾಡ.
ಕಂಬದ ಕೆಲಸಕ್ಕ ಕೆಳಗೊಬ್ಬ ಬೇಕು,
ನಿಚ್ಚಣಿಕಿ ಒತ್ತಿ ಹಿಡಿಯಾಕ.
ಮ್ಯಾಲಿದ್ದಾಂವಗ ಊರು ಕಾಣತೈತಿ, ಡೋಣಿ ಕಾಣತೈತಿ;
ಕೆಳಗಿನವಗ ಬರೇ ಇವನ ಚಪ್ಪಲಿ.
ಹಂಗ ಹಿಡದವರು ಎಷ್ಟ ಮಂದಿ ಇದ್ರು,
ಹೆಸರು ನೆನಪಿದ್ದದ್ದು ಎರಡು.

ಆ ರಾತ್ರಿ ಆಕಿ ಬಂದಾಗ ನಾ ಎಚ್ಚರಿದ್ದೆ.
"ಮೂರಾ, ನೀಲಾ?"
"ನಿದ್ದಿಗಣ್ಣಾಗ ಏನ ಲೆಕ್ಕಾ ಕೇಳತೀರಿ" ಅಂತ
ಮಳಕಾಲಿಗೆ ಕೈ ಹಾಕಿದಳು.
ಮಂಚದ ಮ್ಯಾಲಿನ ಹಗ್ಗಾ ಜಗ್ಗಿ
ನಾನಾ ಹೊಳ್ಳತೀನಿ ಅಂತ ನೋಡಿದೆ.
ಅರ್ಧಾ ಹೊಳ್ಳಿದೆ.

ಉಳದರ್ಧಾ ಆಕಿ.